ಹೊಲಿಗೆ ಕೋಣೆಯ ಹಾಡು

ಸಂಗೀತದ ಟೀಚರ್ ಆಗಿ ಹೊಸದಾಗಿ ಶಾಲೆಗೆ ಸೇರುವ ಹುಡುಗಿಯರು ಈಗಲೂ ನನ್ನ ಮನೆಗೆ ಬರುವುದುಂಟು. ಯಾವ ಹಾಡು ಆರಿಸಬೇಕು, ಮಕ್ಕಳನ್ನು ಹೇಗೆ ನಿಲ್ಲಿಸಬೇಕು, ಹಾರ್ಮೋನಿಯಂ ಸಾಕೋ ಕೀಬೋರ್ಡ್ ಬೇಕೋ ಎಂದು ಕೇಳುತ್ತಾರೆ. ಎಲ್ಲ ಹೇಳಿ ಕಳಿಸುತ್ತೇನೆ. ಆದರೆ ಮೊದಲು ಹೇಳಬೇಕಾದ ಮಾತೊಂದಿದೆ. ಅದನ್ನು ಕಾಫಿ ಕೊಟ್ಟು ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಗಂಟಲು ಕೆಡುವುದಕ್ಕಿಂತ ಮುಂಚೆ ಮನಸ್ಸು ಕೆಡುತ್ತದೆ, ಹೊಟ್ಟೆಕಿಚ್ಚಿನಿಂದ. ನನ್ನದು ಕೆಟ್ಟಿತ್ತು. ಒಂದು ದಿನ ಎರಡು ದಿನವಲ್ಲ, ಹತ್ತು ವರ್ಷಕ್ಕೂ ಮೇಲೆ.

ತೊಂಬತ್ತರ ದಶಕದ ಶುರುವಿನಲ್ಲಿ, ವಯಸ್ಸು ಮೂವತ್ತೈದು ದಾಟಿದ ಮೇಲೆ, ನನಗೆ ಕೆಲಸ ಸಿಕ್ಕಿದ್ದು ಹೊನ್ನವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ. ಶಾಲೆಯ ಹೆಸರು ಬೇಡ. ನಾನು ತಿಪಟೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಹನ್ನೆರಡು ವರ್ಷ ಪಾಠ ಹೇಳಿಸಿಕೊಂಡು ಸಂಗೀತದ ಸೀನಿಯರ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದೆ. ಶಾಲೆಗೆ ಹೋದ ಮೇಲೆ ಗೊತ್ತಾಯಿತು, ಸಂಗೀತದ ಪೀರಿಯಡ್ಡು ಎಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸಿಕೊಳ್ಳಲು ಕಿತ್ತುಕೊಳ್ಳುವ ಪೀರಿಯಡ್ಡು. ನನಗೆ ಕೊಟ್ಟದ್ದು ಹಳೇ ಹಾಲಿನ ಅರ್ಧ. ನಡುವೆ ಆಳೆತ್ತರದ ಇಟ್ಟಿಗೆ ಗೋಡೆ ಎಬ್ಬಿಸಿ ಎರಡು ಕೋಣೆ ಮಾಡಿದ್ದರು. ಗೋಡೆ ಹೆಂಚಿನವರೆಗೆ ಹೋಗುತ್ತಿರಲಿಲ್ಲ. ಆಚೆಯ ಅರ್ಧ ಹೊಲಿಗೆ ಕೋಣೆ. ಕೊಟ್ಟ ಹಾರ್ಮೋನಿಯಮ್ಮಿನಲ್ಲಿ ಒಂದು ಮನೆ, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿ, ಮೂಕ, ಇನ್ನೊಂದು ಒತ್ತಿದರೆ ಮೇಲೇಳುತ್ತಲೇ ಇರಲಿಲ್ಲ.

ಮೊದಲ ವರ್ಷ ನಾನು ಆರಿಸಿದ ಹಾಡು ನನಗೆ ಇಷ್ಟವಾದದ್ದು, ಮಕ್ಕಳಿಗಲ್ಲ. ಸಂಸ್ಕೃತದ ದೊಡ್ಡ ಕೃತಿ, ಉದ್ದುದ್ದ ಸಮಾಸ, ಕೊನೆಯಲ್ಲಿ ಸ್ವರಗಳ ಸರಮಾಲೆ. ಗಣರಾಜ್ಯೋತ್ಸವದ ದಿನ ನಲವತ್ತು ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಅದನ್ನು ಹಾಡಿಸಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗರು ಬರೀ ಬಾಯಿ ಆಡಿಸುತ್ತಿದ್ದರು. ಮುಖ್ಯ ಅತಿಥಿಗಳು ಎರಡು ಸಲ ಚಪ್ಪಾಳೆ ತಟ್ಟಲು ಕೈಯೆತ್ತಿ, ಮುಗಿದಿಲ್ಲವೆಂದು ಗೊತ್ತಾಗಿ ಇಳಿಸಿದರು. ಆಗಿನ ಹೆಡ್ಮಾಸ್ಟರು ನಂಜುಂಡಪ್ಪನವರು ಸಜ್ಜನರು, ಆದರೆ ನಾಲಿಗೆ ಮಾತ್ರ ಕತ್ತರಿ.

“ಚೆನ್ನಾಗಿತ್ತು ಮೇಡಂ. ಇನ್ನೆರಡು ನಿಮಿಷ ಎಳೆದಿದ್ರೆ ಅತಿಥಿಗಳು ಇಲ್ಲೇ ರಿಟೈರ್ ಆಗೋರು” ಎಂದರು.

ಆಮೇಲೆ ಪೆಟ್ಟು ತಿಂದು ಕಲಿತೆ. ಮಕ್ಕಳ ಹಾಡು ಮೂರು ನಿಮಿಷಕ್ಕೆ ಮುಗಿಯಬೇಕು. ಸಾಲು ಮುಗಿಯುವ ಕಡೆ ಉಸಿರೂ ಮುಗಿಯಬೇಕು. ಮಾತು ಕಣ್ಣಿಗೆ ಕಾಣಬೇಕು. ಹೇಳಿಕೊಟ್ಟ ಮೂರನೇ ದಿನ ಮಕ್ಕಳು ಬಸ್ ಸ್ಟಾಪಿನಲ್ಲಿ ಅದನ್ನು ತಾವಾಗಿ ಗುನುಗಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಷ್ಟೇ ದೊಡ್ಡವರ ಹಾಡಾದರೂ ಬಿಟ್ಟುಬಿಡಿ. ಇದಿಷ್ಟು ನನ್ನ ಶಾಸ್ತ್ರ.

ಕೊಬ್ಬರಿಯ ವಿಷಯದಲ್ಲೂ ಒಂದು ಪೆದ್ದುತನ ಮಾಡಿದೆ. ನಮ್ಮ ಕಡೆ ಮಕ್ಕಳ ಜೇಬಿನಲ್ಲಿ ಬಳಪ ಇಲ್ಲದಿದ್ದರೂ ಕೊಬ್ಬರಿ ಚೂರು ಇರುತ್ತದೆ. ಕೊಬ್ಬರಿ ಜಗಿದ ಬಾಯಿಗೆ ಜಿಡ್ಡು ಹತ್ತಿ ದನಿ ಕಟ್ಟುತ್ತದೆ ಎಂದು ನನ್ನ ಗುರುಗಳು ಹೇಳಿದ್ದರು. ಸರಿ, ಹಾಡುವ ಮಕ್ಕಳು ಒಂದು ತಿಂಗಳು ಕೊಬ್ಬರಿ ಮುಟ್ಟಕೂಡದು, ಡಬ್ಬಿಯ ಚಿತ್ರಾನ್ನಕ್ಕೂ ಕಾಯಿತುರಿ ಬೇಡ ಎಂದು ಕಟ್ಟಪ್ಪಣೆ ಹೊರಡಿಸಿದೆ. ಮಾರನೆಯ ದಿನವೇ ಒಬ್ಬ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

“ಏನವ್ವಾ, ಕೊಬ್ರಿ ತಿನ್‌ಬ್ಯಾಡ ಅಂದ್ಯಂತೆ ನಮ್ ಹುಡ್ಗಿಗೆ? ಅಟ್ಟದ್ ತುಂಬ ಕೊಬ್ರಿ ಮಡಗಿವ್ನಿ, ನಾವೇನ್ ಮಣ್ ತಿನ್ನಾನಾ?”

ಆಗ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕವಳು ಗಂಗಮ್ಮ. ಆ ತಿಂಗಳಷ್ಟೇ ಹೊಲಿಗೆ ಟೀಚರಾಗಿ ಬಂದಿದ್ದಳು. ಹುಳಿಯಾರಿನ ಕಡೆಯ ಒಂದು ಹಟ್ಟಿಯವಳು, ಕುರಿ ಸಾಕುವ ಮನೆತನ. ನನಗಿಂತ ಐದಾರು ವರ್ಷ ದೊಡ್ಡವಳು. ಎದುರಿಗೆ ನಾನು “ಗಂಗಮ್ಮನವರೇ, ಬನ್ನಿ” ಎನ್ನುತ್ತಿದ್ದೆ, ಮನಸ್ಸಿನಲ್ಲಿ ಯಾವಾಗಲೂ ಏಕವಚನ. ಬರೆಯುವಾಗಲೂ ಅದನ್ನೇ ಇಟ್ಟುಕೊಳ್ಳುತ್ತೇನೆ, ಈ ವಯಸ್ಸಿನಲ್ಲಿ ಸುಳ್ಳು ಯಾಕೆ.

ಒಂದು ವಾರ ಕಳೆದಿರಬಹುದು. ನನ್ನ ಪೀರಿಯಡ್ಡು ಇಲ್ಲದ ಹೊತ್ತಿನಲ್ಲಿ ಕೂತು ನೋಟ್ಸು ಬರೆಯುತ್ತಿದ್ದೆ. ಗೋಡೆಯ ಆಚೆಯಿಂದ ಹಾಡು ಬಂತು. ಒಂಬತ್ತನೇ ಕ್ಲಾಸಿನ ಹುಡುಗಿಯರು ಗುಂಡಿಗೆ ಕಾಜ ಕಟ್ಟುತ್ತ ಹಾಡುತ್ತಿದ್ದರು, ಅವರ ದನಿಗಳ ಕೆಳಗೆ ಒಂದು ದಪ್ಪ ತಗ್ಗಿನ ದನಿ, ಗಂಗಮ್ಮನದು. ಹಟ್ಟಿಯ ಯಾವುದೋ ಹಾಡು. ನನ್ನ ಹತ್ತಿರ ಅಪಸ್ವರ ಹಾಡುತ್ತಿದ್ದ ಅದೇ ಹುಡುಗಿಯರು, ಅದೇ ಗಂಟಲು! ಒಂದು ಎಳೆಯೂ ಆಚೀಚೆ ಇಲ್ಲ. ನನ್ನ ಮೈಯೆಲ್ಲ ಉರಿದು ಹೋಯಿತು. ಚೆನ್ನಾಗಿದೆ ಎಂದು ಅನ್ನಿಸಿದ್ದೇ ಆಮೇಲೆ, ಮೊದಲು ಅನ್ನಿಸಿದ್ದು ಇವಳಿಗೇನು ಅಧಿಕಾರ ಎಂದು.

ನನ್ನ ಮಕ್ಕಳ ದೊಡ್ಡ ರೋಗ ಓಟ. ಹಾಡು ಶುರು ಮಾಡಿದ ವೇಗದಲ್ಲಿ ಎಂದೂ ಮುಗಿಸುತ್ತಿರಲಿಲ್ಲ. ಊಟದ ಬೆಲ್ಲು ಕೇಳಿದವರ ಹಾಗೆ ಕೊನೆಯ ಸಾಲಿಗೆ ಓಡುತ್ತಿದ್ದರು. ಎಷ್ಟು ತಾಳ ತಟ್ಟಿದರೂ ಅಷ್ಟೆ. ಗಂಗಮ್ಮನ ಹುಡುಗಿಯರು ಓಡುತ್ತಿರಲಿಲ್ಲ. ಯಾಕೆಂದು ತಿಳಿಯಲು, ಹೇಳಲು ನಾಚಿಕೆ, ಬೆಂಚಿನ ಮೇಲೆ ಹತ್ತಿ ಗೋಡೆಯಾಚೆ ಇಣುಕಿದೆ. ಗಂಗಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾಳೆ. ಸೂಜಿಗೆ ದಾರವಿಲ್ಲ, ಬಟ್ಟೆಯೂ ಇಲ್ಲ. ಸುಮ್ಮನೆ ಪೆಡಲ್ ತುಳಿಯುತ್ತಿದ್ದಾಳೆ, ಒಂದೇ ಹದಕ್ಕೆ, ಟಕ್ಕ ಟಕ್ಕ ಎಂದು. ಹುಡುಗಿಯರೂ ಕಾಲಲ್ಲಿ ಅದನ್ನೇ ತುಳಿಯುತ್ತ ಹಾಡುತ್ತಿದ್ದಾರೆ. ಕೈ ತಟ್ಟಿದರೆ ಮಕ್ಕಳು ಓಡುತ್ತಾರೆ, ಕಾಲು ಊರಿದರೆ ಓಡುವುದಿಲ್ಲ. ನನ್ನ ಹನ್ನೆರಡು ವರ್ಷದ ಪಾಠದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಇಣುಕಿದ್ದನ್ನು ಅವಳು ನೋಡಿದಳು.

“ಅಯ್ಯೋ, ಬಿದ್ದೀರಿ ಕಣ್ರೀ ಮೇಡಂ! ಬಾಗ್ಲಲ್ ಬರಬಾರ್ದಾ?” ಎಂದಳು. ಹುಡುಗಿಯರೆಲ್ಲ ಕಿಸಕ್ಕೆಂದರು.

ಅದೇ ವರ್ಷ ಇಲಾಖೆಯಿಂದ ಒಬ್ಬ ಅಧಿಕಾರಿ ಇನ್ಸ್‌ಪೆಕ್ಷನ್ನಿಗೆ ಬಂದರು. ನನ್ನ ಪಾಠ ಟಿಪ್ಪಣಿ ತಿರುವಿಹಾಕಿ, “ಹಾಡಿಗೆ ಬೋಧನೋಪಕರಣ ಏನು ಅಂತ ಬರೆದಿಲ್ಲವಲ್ಲ?” ಎಂದರು. “ಗಂಟಲು ಸಾರ್” ಎಂದೆ. ಅವರು ನಗಲಿಲ್ಲ. ಎರಡು ಹಾಡು ಕೇಳಿ, ಕೈಗಡಿಯಾರ ನೋಡಿಕೊಂಡು ಎದ್ದರು. ಹೋಗುವಾಗ ಹೊಲಿಗೆ ಕೋಣೆಯ ಕಿಟಕಿಯ ಹತ್ತಿರ ನಿಂತರು. ನಿಂತವರು ಕದಲಲೇ ಇಲ್ಲ, ಹಾಡು ಮುಗಿಯುವವರೆಗೂ. ಆಮೇಲೆ ಆಫೀಸಿನಲ್ಲಿ ಸಂದರ್ಶಕರ ಪುಸ್ತಕ ತರಿಸಿ ಬರೆದರು: ಈ ಶಾಲೆಯ ಮಕ್ಕಳು ಸೊಗಸಾಗಿ ಹಾಡುತ್ತಾರೆ, ಸಂಗೀತ ಶಿಕ್ಷಕಿಯವರು ಅಭಿನಂದನಾರ್ಹರು. ನಂಜುಂಡಪ್ಪನವರು ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ಚಪ್ಪಾಳೆ ಹೊಡೆದರು, ಎಲ್ಲರಿಗಿಂತ ಜೋರಾಗಿ ಗಂಗಮ್ಮ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಹಾಡಿಗೆ ನನಗೆ ಹೊಗಳಿಕೆ ಬಂದದ್ದನ್ನು ಇವತ್ತಿಗೂ ನುಂಗಲು ಆಗಿಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ಜಿಲ್ಲಾ ಮಟ್ಟದ ಸಮೂಹಗಾನ ಸ್ಪರ್ಧೆಗೆ ನಮ್ಮ ಶಾಲೆ ಮೊದಲ ಸಲ ಆಯ್ಕೆಯಾದಾಗ ನಂಜುಂಡಪ್ಪನವರು ಇಬ್ಬರನ್ನೂ ಕರೆದರು.

“ನೋಡಿ ಶಾರದಾ ಮೇಡಂ, ಮಕ್ಕಳು ಗಂಗಮ್ಮ ಮಿಸ್ಸೂ ಬೇಕು ಅಂತವೆ. ಇಬ್ರೂ ಸೇರಿ ತಯಾರು ಮಾಡಿ. ಶಾಸ್ತ್ರ ನಿಮ್ದು, ಗಂಟ್ಲು ಅವರ್ದು.”

ಆ ಮಾತು ನನ್ನ ಎದೆಗೆ ಮುಳ್ಳಾಗಿ ಚುಚ್ಚಿಕೊಂಡಿತು. ಶಾಸ್ತ್ರ ನನ್ನದಂತೆ, ಗಂಟಲು ಅವಳದಂತೆ! ಆದರೂ “ಆಗಲಿ ಸಾರ್” ಎಂದೆ.

ಹಾಡು ಒಂದು ನಾಡಹಾಡು. ಸಾಲುಸಾಲಿಗೂ ಮೇಲೆ ಏರುತ್ತ ಹೋಗುವ ಮಟ್ಟು. ಮುಂದಾಳು ಮಂಜುಳ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ, ನನ್ನ ಕೆಲಸದ ಕಾಲದಲ್ಲೆಲ್ಲ ಕೇಳಿದ ಒಳ್ಳೆಯ ಗಂಟಲು ಅವಳದೇ. ದಿನಾ ಸಂಜೆ ಅಭ್ಯಾಸ. ಗಂಗಮ್ಮ ಮಕ್ಕಳ ನಡುವೆ ನೆಲದ ಮೇಲೆ ಕೂತು ಅವರ ಜೊತೆಯೇ ಹಾಡುತ್ತಿದ್ದಳು. ನಾನು ಹಾರ್ಮೋನಿಯಂ ಹಿಂದೆ. ಎರಡು ದಿನದಲ್ಲಿ ಒಂದು ವಿಷಯ ಕಂಡಿತು. ಮಕ್ಕಳ ಕಣ್ಣು ನನ್ನ ಕೈ ಮೇಲಿಲ್ಲ, ಗಂಗಮ್ಮನ ತುಟಿಯ ಮೇಲಿದೆ. ನಾನು ನಿಲ್ಲಿಸಿದರೂ ಅವಳು ನಿಲ್ಲಿಸುವವರೆಗೆ ಅವರು ನಿಲ್ಲಿಸುತ್ತಿರಲಿಲ್ಲ.

ಈಗ ಶ್ರುತಿಯ ಮಾತು. ಹಾಡು ಎಷ್ಟು ಎತ್ತರದಲ್ಲಿ ಕೂರಬೇಕು ಎಂಬುದೇ ಶ್ರುತಿ. ಹಾರ್ಮೋನಿಯಂ ಮೇಲೆ ಅದನ್ನು ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಆ ಹಾಡನ್ನು ನಾವು ಶುರು ಮಾಡಿದ್ದು ನಾಲ್ಕು ಮನೆಯಲ್ಲಿ. ಮಕ್ಕಳಿಗೂ ಹಿತ, ಗಂಗಮ್ಮನ ತಗ್ಗು ದನಿಗೂ ಹಿತ. ನನ್ನ ದನಿ ತೆಳು, ಮೇಲಕ್ಕೆ ಸಲೀಸಾಗಿ ಹೋಗುತ್ತದೆ. ಮೂರನೇ ದಿನ ನಾನು ನಾಲ್ಕೂವರೆಗೆ ಏರಿಸಿದೆ. “ಸ್ವಲ್ಪ ಕಳೆ ಬರಲಿ” ಎಂದೆ. ನಾಲ್ಕು ದಿನ ಬಿಟ್ಟು ಐದು. ಗಂಗಮ್ಮ ಮೇಲಿನ ಸಾಲುಗಳಲ್ಲಿ ಬಾಯಿ ಮುಚ್ಚಿಕೊಳ್ಳತೊಡಗಿದಳು. ಆ ಸುಖ ಏನೆಂದು ಹೇಳಲಿ! ಐದೂವರೆ ಮಾಡಿದೆ. ಆಮೇಲೆ ಆರು. ಆರಕ್ಕೆ ಬಂದಾಗ ಅವಳು ಹಾಡುವುದನ್ನೇ ಬಿಟ್ಟು ಬಾಗಿಲ ಹತ್ತಿರ ಹೋಗಿ ಕೂತಳು. ಮಕ್ಕಳ ಕಣ್ಣು ಕೊನೆಗೂ ನನ್ನ ಕಡೆ ತಿರುಗಿತು, ಅವರಿಗೆ ಬೇರೆ ಗತಿ ಇರಲಿಲ್ಲ.

ಸ್ಪರ್ಧೆಗೆ ಹತ್ತು ದಿನ ಇರುವಾಗ ಗಂಗಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಮೇಡಂ, ತಪ್ ತಿಳ್ಕಬ್ಯಾಡಿ. ಮಂಜುಳನ್ ಗಂಟ್ಲು ಕೆರೀತಾ ಅದೆ. ಒಸಿ ಇಳಿಸಿದ್ರೆ ಆಗಾಕಿಲ್ವಾ?”

“ಶ್ರುತಿ ವಿಚಾರ ನನಗೆ ಬಿಡಿ ಗಂಗಮ್ಮನವರೇ” ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬೇರೆ ಮನಸ್ಸಿನಲ್ಲಿ ಅಂದುಕೊಂಡೆ. ಮಂಜುಳನ ಗಂಟಲು ಕಟ್ಟುತ್ತಿದ್ದದ್ದು ನನಗೆ ಕೇಳಿಸಿರಲಿಲ್ಲವೇ? ಕೇಳಿಸಿತ್ತು. ಆ ಹುಡುಗಿ ತನ್ನನ್ನು ಬದಲಿಸಿಬಿಟ್ಟಾರು ಎಂಬ ಭಯಕ್ಕೆ ಕೆಮ್ಮನ್ನೂ ನುಂಗಿಕೊಂಡು ಹಾಡುತ್ತಿದ್ದಳು.

ತುಮಕೂರಿಗೆ ಬೆಳಗಿನ ರೈಲಿನಲ್ಲಿ ಹೊರಟೆವು. ತಿಪಟೂರು ಸ್ಟೇಷನ್ನಿಗೆ ಗಂಗಮ್ಮನ ತಮ್ಮ ಒಂದು ಚೀಲ ಎಳನೀರು ತಂದಿದ್ದ. ಮಕ್ಕಳೆಲ್ಲ ಕುಡಿದರು. ಮಧ್ಯಾಹ್ನ ನಮ್ಮ ಸರದಿ. ದೊಡ್ಡ ಸಭಾಂಗಣ, ಮೂರು ಜನ ತೀರ್ಪುಗಾರರು. ಆರು ಮನೆ ಹಿಡಿದೆ. ಮಂಜುಳ ಎರಡು ಸಾಲು ಹಾಡಿದಳು. ಮೂರನೇ ಸಾಲು ಮೇಲಕ್ಕೆ ಏರಬೇಕು. ಬಾಯಿ ತೆರೆದಳು, ದನಿಯೇ ಇಲ್ಲ, ಬರೀ ಗಾಳಿ. ಮಕ್ಕಳು ಗಾಬರಿಯಾಗಿ ಸಭೆಯಲ್ಲಿ ಕೂತಿದ್ದ ಗಂಗಮ್ಮನನ್ನು ನೋಡಿದರು. ಅವಳು ಕೂತಲ್ಲೇ ತುಟಿ ಆಡಿಸಿದಳು, ತೊಡೆಯ ಮೇಲೆ ತಾಳ ಹಾಕಿದಳು. ಮಕ್ಕಳು ಅವಳ ಹಿಂದೆ ಹೋದರು, ಮೊದಮೊದಲು ಅವಳ ಜೊತೆ ಹಾಡುತ್ತಿದ್ದ ತಗ್ಗು ಶ್ರುತಿಗೇ ಹೋದರು. ನನ್ನ ಹಾರ್ಮೋನಿಯಂ ಆರು ಮನೆಯಲ್ಲಿ ಕಿರುಚುತ್ತಿತ್ತು, ಮಕ್ಕಳು ಬೇರೆಲ್ಲೋ ಹಾಡುತ್ತಿದ್ದರು. ತೀರ್ಪುಗಾರರೊಬ್ಬರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

ಮಾರನೆಯ ದಿನ ನಂಜುಂಡಪ್ಪನವರು ನಮ್ಮಿಬ್ಬರನ್ನೂ ಮಂಜುಳನನ್ನೂ ಆಫೀಸಿಗೆ ಕರೆದರು. ಹುಡುಗಿಗೆ ಮಾತಾಡಲು ದನಿಯಿಲ್ಲ. ಕಣ್ಣಿಂದ ನೀರು ಮಾತ್ರ ಸುರಿಯುತ್ತಿತ್ತು.

“ಗಂಟ್ಲು ಕೆಟ್ಟಿದೆ ಅಂತ ಮೊದಲೇ ಹೇಳ್ಬಾರ್ದಾ? ಇಡೀ ಶಾಲೆ ಮರ್ಯಾದೆ ತೆಗೆದೆಯಲ್ಲಮ್ಮ! ಇನ್ಮೇಲೆ ನಿನಗೆ ಹಾಡು ಗೀಡು ಏನೂ ಬೇಡ” ಎಂದು ಅವರು ಶುರು ಮಾಡಿದರು. ನಾನು ಅಲ್ಲೇ ನಿಂತಿದ್ದೆ. ಸಾರ್, ಶ್ರುತಿ ಏರಿಸಿದ್ದು ನಾನು, ಹುಡುಗಿಯದೇನೂ ತಪ್ಪಿಲ್ಲ. ಇಷ್ಟೇ ಮಾತು. ನಾಲಿಗೆ ಏಳಲಿಲ್ಲ.

“ಸಾರ್, ಅವಳನ್ ಬಯ್ಬ್ಯಾಡಿ” ಎಂದಳು ಗಂಗಮ್ಮ. “ಬೆಳಿಗ್ಗೆ ಥಂಡಿ ಹೊತ್ನಲ್ಲಿ ನಾನೇ ಎಳ್ನೀರು ಕುಡಿಸ್ದೆ. ಅದ್ಕೇ ಗಂಟ್ಲು ಕಟ್ಕಂತು. ನಂದೇ ತಪ್ಪು.”

ತೆಂಗಿನ ಸೀಮೆಯಲ್ಲಿ ಎಳನೀರು ಥಂಡಿ ಎಂದರೆ ಎದುರು ಮಾತುಂಟೇ? ನಂಜುಂಡಪ್ಪನವರು ತಕ್ಷಣ ನಂಬಿದರು. ಹಾಡುವ ಮಕ್ಕಳಿಗೆ ಎಳನೀರೇ, ಬುದ್ಧಿ ಬೇಡವೇ ಎಂದು ಕೂಗಾಡಿದರು. ಹೊಲಿಗೆಯವರು ಹೊಲಿಗೆ ನೋಡಿಕೊಳ್ಳಲಿ, ಇನ್ನು ಮೇಲೆ ಹಾಡಿನ ತಂಟೆಗೆ ಬರಕೂಡದು, ಹೊಲಿಗೆ ಕ್ಲಾಸಿನಲ್ಲಿ ಗಲಾಟೆಯೂ ಕೂಡದು ಎಂದು ತೀರ್ಪು ಕೊಟ್ಟರು. ಗಂಗಮ್ಮ ಹೊರಗೆ ಬರುವಾಗ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅವತ್ತಿನಿಂದ ಗೋಡೆಯಾಚೆ ಹಾಡು ನಿಂತಿತು. ಕತ್ತರಿಯ ಸದ್ದು, ಮಿಷನ್ನಿನ ಸದ್ದು, ಅಷ್ಟೆ. ನಾನು ಬಯಸಿದ್ದು ಅದೇ ತಾನೇ? ಎರಡು ದಿನ ಹಾಯಾಗಿತ್ತು. ಮೂರನೆಯ ದಿನದಿಂದ ಆ ಕಡೆಯಿಂದ ಏನಾದರೂ ಕೇಳಿಸೀತೇ ಎಂದು ಕಿವಿಯಾನಿಸತೊಡಗಿದೆ. ಮಂಜುಳನ ಗಂಟಲು ಎರಡು ತಿಂಗಳಲ್ಲಿ ಸರಿಹೋಯಿತು, ಆದರೆ ಅವಳು ಮತ್ತೆ ಹಾಡಲು ಬರಲಿಲ್ಲ.

ಮುಂದಿನ ವರ್ಷ ನಮ್ಮ ಕನ್ನಡ ಮೇಷ್ಟ್ರು ಒಂದು ಹಾಡು ಬರೆದುಕೊಟ್ಟರು. ತೆಂಗಿನ ಮರ ಹತ್ತಿ ಎಳೆಗಾಯಿ ಕೊರೆಯುವ ಅಳಿಲು, ಕೆಳಗೆ ನಿಂತು ಬಯ್ಯುವ ತೋಟದ ಯಜಮಾನ. ಎರಡು ಚರಣ. ಮಟ್ಟು ನಾನೇ ಹಾಕಿದೆ. ಮಕ್ಕಳು ಮೊದಲ ದಿನವೇ ನಕ್ಕು ನಕ್ಕು ಕಲಿತರು. ಶ್ರುತಿ ಹಿಡಿಯಲು ಹೋದರೆ ಕೈ ತಾನಾಗಿ ನಾಲ್ಕು ಮನೆಗೆ ಹೋಯಿತು. ತಾಳಕ್ಕೆ ಕೈ ಬೇಡ, ಕಾಲು ಊರಿ ಎಂದೆ. ಒಬ್ಬರೂ ಓಡಲಿಲ್ಲ. ಜಿಲ್ಲೆಗೆ ಎರಡನೇ ಬಹುಮಾನ ಬಂತು. ಹಾರ ಹಾಕಿದರು, ಫೋಟೋ ತೆಗೆದರು. ಗೆದ್ದದ್ದು ಅವಳ ಶ್ರುತಿ, ಅವಳ ಪೆಡಲ್ಲು. ಗಂಗಮ್ಮ ಸ್ಟಾಫ್ ರೂಮಿಗೆ ಬಂದು, “ಮಕ್ಳು ಚೆನ್ನಾಗ್ ಹಾಡುದ್ವಂತೆ, ಸಂತೋಷ ಕಣ್ರೀ” ಎಂದಳು. ಮಕ್ಕಳು ಹಾಡಿದವಂತೆ! ನಾನು ಹೇಳಿಕೊಟ್ಟೆ ಅನ್ನಲಿಲ್ಲ ನೋಡಿ ಎಂದು ಅದಕ್ಕೂ ಉರಿದುಕೊಂಡೆ. ಹೊಟ್ಟೆಕಿಚ್ಚಿಗೆ ಇಂಥದ್ದೇ ಸೌದೆ ಬೇಕು ಅಂತಿಲ್ಲ.

ಅಳಿಲಿನ ಹಾಡು ನಮ್ಮ ಶಾಲೆಯ ಹಾಡೇ ಆಗಿಹೋಯಿತು. ವರ್ಷ ವರ್ಷ ಹೊಸ ಮಕ್ಕಳಿಗೆ ಹೇಳಿಕೊಟ್ಟೆ. ನಂಜುಂಡಪ್ಪನವರು ವರ್ಗವಾಗಿ ಹೋದರು. ಎರಡು ಸಾವಿರ ಇಸವಿ ದಾಟುವ ಹೊತ್ತಿಗೆ ಶಾಲೆಗಳಲ್ಲಿ ಕ್ಯಾಸೆಟ್ಟಿನ ಹುಚ್ಚು ಶುರುವಾಯಿತು. ಮಕ್ಕಳ ಹಿಂದೆ ವಾದ್ಯದ ಕ್ಯಾಸೆಟ್ ಹಾಕಿ ಹಾಡಿಸುವುದು. ಹೊಸ ಹೆಡ್ಮಾಸ್ಟರು ನಮಗೂ ಅದೇ ಬೇಕೆಂದರು. ಕ್ಯಾಸೆಟ್ಟಿನ ಶ್ರುತಿ ದೊಡ್ಡವರ ಗಂಟಲಿಗೆ ಮಾಡಿದ್ದು, ಮಕ್ಕಳು ಅದರ ಹಿಂದೆ ಕಿರುಚಬೇಕಾಗುತ್ತದೆ, ಬೇಡ ಎಂದು ಹಟ ಹಿಡಿದೆ. ತಾಲ್ಲೂಕಿನ ಸಂಗೀತ ಶಿಕ್ಷಕರ ತರಬೇತಿಯಲ್ಲಿ ನನ್ನನ್ನು ನಿಲ್ಲಿಸಿ ಮಾತಾಡಿಸಿದರು. “ನಿಮ್ಮ ಗಂಟಲು ನೋಡಿ ಶ್ರುತಿ ಹಿಡೀಬೇಡಿ, ಮಕ್ಕಳ ಗಂಟಲು ನೋಡಿ ಹಿಡೀರಿ” ಎಂದೆ. ಎಲ್ಲರೂ ತಲೆದೂಗಿ ಪುಸ್ತಕದಲ್ಲಿ ಬರೆದುಕೊಂಡರು. ಇದನ್ನು ಎಲ್ಲಿ ಕಲಿತಿರಿ ಮೇಡಂ ಎಂದು ಯಾರೂ ಕೇಳಲಿಲ್ಲ, ಸದ್ಯ.

ಗಂಗಮ್ಮನ ನಿವೃತ್ತಿಗೆ ತಿಂಗಳಿರುವಾಗ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಮಂಜುಳ ಸಿಕ್ಕಳು. ಬಿಳಿಗೆರೆಗೆ ಕೊಟ್ಟಿದ್ದಾರೆ. ಕೈಯಲ್ಲಿ ನಾಲ್ಕು ವರ್ಷದ ಮಗಳು. ಕಾಲಿಗೆ ನಮಸ್ಕಾರ ಮಾಡಿದಳು.

“ಇವಳೂ ಹಾಡ್ತಾಳೆ ಮಿಸ್. ನಾಳೆ ಅವರ ಸ್ಕೂಲಲ್ಲಿ ಪ್ರೋಗ್ರಾಂ” ಎಂದಳು. ಮಗು ಎಳನೀರಿನ ಗಾಡಿ ತೋರಿಸಿ ಹಟ ಮಾಡಿತು. “ಬೇಡ ಕಣೇ, ಹಾಡೋಕ್ ಮುಂಚೆ ಎಳ್ನೀರು ಕುಡೀಬಾರ್ದು. ನನ್ ಗಂಟ್ಲು ಹಂಗೇ ಹೋಗಿದ್ದು. ಗಂಗಮ್ಮ ಮಿಸ್ ಪಾಪ ಗೊತ್ತಿಲ್ದೆ ಕೊಟ್ಬಿಟ್ರು, ಅಲ್ವಾ ಮಿಸ್?”

ನಾನು “ಹೂಂ” ಎಂದೆ. ಹತ್ತು ವರ್ಷದ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಹೆಡ್ಮಾಸ್ಟರ ಭಯವಿಲ್ಲ, ಕೆಲಸದ ಭಯವಿಲ್ಲ, ಆದರೂ ಹೂಂ ಎಂದೆ. ಅವತ್ತು ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಇದನ್ನು ಇಟ್ಟುಕೊಂಡು ಸಾಯಬಾರದು ಎಂದುಕೊಂಡೆ.

ಬೀಳ್ಕೊಡುಗೆಯ ದಿನ ಗಂಗಮ್ಮನ ಬಗ್ಗೆ ಎರಡು ಮಾತಾಡಲು ನನ್ನನ್ನು ಕರೆದರು. ಮೈಕಿನ ಮುಂದೆ ನಿಂತು, ತುಮಕೂರಿನ ಸ್ಪರ್ಧೆಯಲ್ಲಿ ನಾವು ಸೋತದ್ದು ಎಳನೀರಿನಿಂದಲ್ಲ, ಗಂಗಮ್ಮನವರ ದನಿ ಹೊರಗಿಡಬೇಕೆಂದು ನಾನು ಬೇಕಂತಲೇ ಶ್ರುತಿ ಏರಿಸಿದ್ದರಿಂದ ಎಂದೆ. ಹೇಳಿ ಮುಗಿಸಿ ಸಭೆಯನ್ನು ನೋಡಿದೆ. ಯಾರಿಗೂ ಏನೂ ಅರ್ಥವಾಗಿರಲಿಲ್ಲ. ಹಳಬರು ಯಾರೂ ಉಳಿದಿರಲಿಲ್ಲ. ಹೊಸ ಹೆಡ್ಮಾಸ್ಟರು ನಗುತ್ತ, “ಶಾರದಾ ಮೇಡಂ ಅವರದು ದೊಡ್ಡ ಮನಸ್ಸು” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿ ಉಪ್ಪಿಟ್ಟಿಗೆ ಎದ್ದರು.

ಗಂಗಮ್ಮ ಹಾರವನ್ನು ಚೀಲಕ್ಕೆ ತುಂಬಿಕೊಂಡು ಹೊಲಿಗೆ ಕೋಣೆಯ ಬೀಗ ಹಾಕುತ್ತಿದ್ದಳು. ನಾನು ಹತ್ತಿರ ಹೋದೆ.

“ಅದನ್ನ ಮೈಕಲ್ ಯಾಕ್ ಹೇಳೋಕ್ ಹೋದ್ರಿ?” ಎಂದಳು. “ನಂಗ್ ಗೊತ್ತಿತ್ತು. ನಂಗೇನ್ ಕಿವಿ ಇಲ್ವಾ? ನಾಲ್ಕರಿಂದ ಆರಕ್ ಹೋದದ್ದು ಕುರಿಗೂ ಗೊತ್ತಾಯ್ತದೆ.”

“ಮತ್ತೆ ನನ್ನ ತಪ್ಪನ್ನ ನಿಮ್ಮ ಮೇಲೆ ಯಾಕೆ ಹಾಕ್ಕೊಂಡ್ರಿ?”

“ಆ ಹುಡ್ಗಿ ಅಳ್ತಿದ್ಲು. ನೀವು ಮಾತಾಡ್ತೀರಿ ಅಂತ ನೋಡ್ದೆ. ಆಡ್ನಿಲ್ಲ. ಯಾರಾರ ಆಡ್ಬೇಕಿತ್ತಲ್ಲ.”

ನೀವು ನನಗಿಂತ ದೊಡ್ಡವರು ಎಂದೇನೋ ತೊದಲಿದೆ. ಗಂಗಮ್ಮನಿಗೆ ಸಿಟ್ಟು ಬಂತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ದೊಡ್ಡೋಳೂ ಇಲ್ಲ ಗಿಡ್ಡೋಳೂ ಇಲ್ಲ ಬುಡ್ರೀ. ಹತ್ ವರ್ಷ ನಿಮ್ಮನ್ ಕಂಡ್ರೆ ಹೊಟ್ಟೆ ಉರೀತಿತ್ತು ನಂಗೆ. ಆಚೆ ನೀವು ಹಾಡ್ಸೀರಿ, ಈಚೆ ನಾನು ಗುಂಡಿ ಹೊಲೀತಾ ಕೂತಿರ್ಬೇಕು. ನಂಜುಂಡಪ್ನೋರು ಹೋಗಿ ಎಷ್ಟ್ ವರ್ಷ ಆಯ್ತು? ಒಂದಿನ, ಒಂದೇ ಒಂದಿನ, ಬನ್ನಿ ಗಂಗಮ್ಮ, ಮಕ್ಳ ಜೊತೆ ಕೂತ್ಕಳಿ ಅಂತ ಗೋಡೆ ಮ್ಯಾಲಿಂದ ಕರೆದಿದ್ರೆ ಎದ್ ಬತ್ತಿದ್ದೆ.”

ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿತ್ತು ಎಂದು ಕೇಳಿದಾಗ ನನಗೆ ಆದದ್ದು ದುಃಖವಲ್ಲ. ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಅದು ಒಂದು ಕ್ಷಣ ಮಾತ್ರ, ಮುಂದಿನ ಮಾತಿಗೆ ಇಳಿದು ಹೋಯಿತು.

“ಆ ಅಳಿಲಿನ್ ಹಾಡು” ಎಂದಳು ಗಂಗಮ್ಮ. “ಎರಡ್ನೇ ಚರಣ ವರ್ಷಾ ವರ್ಷಾ ತಪ್ ಹೇಳ್ಕೊಟ್ರಿ. ಅದೇ ಜಾಗ್ದಲ್ಲಿ ಮಕ್ಳು ಮುಗ್ಗರ್ಸೋವು. ನೀವು ಮಕ್ಳನ್ನೇ ಬಯ್ಯೋರಿ. ನಂಗೆ ನಾಲ್ಗೆ ತುದೀಗ್ ಬತ್ತಿತ್ತು. ನುಂಗ್ಕಂಡ್ ಕೂತಿದ್ದೆ.”

ನಿಜ. ಎರಡನೇ ಚರಣದಲ್ಲಿ ಮಕ್ಕಳು ಯಾವಾಗಲೂ ಎಡವುತ್ತಿದ್ದರು. ಯಾಕೆಂದು ನನಗೆ ಒಂದು ದಿನವೂ ತಿಳಿದಿರಲಿಲ್ಲ.

“ಏನು ತಪ್ಪು?” ಎಂದೆ. “ಹಾಡಿ ಗಂಗಮ್ಮನವರೇ. ಒಂದು ಸಲ ಹಾಡಿ ತೋರಿಸಿ.”

ಅವಳು ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟಳು. ಆಫೀಸಿಗೆ ಕೊಟ್ಟುಬಿಡಿ ಎಂಬ ಹಾಗೆ.

“ಈಗ್ ಬ್ಯಾಡ ಬುಡಿ ಮೇಡಂ. ಬಸ್ ಬತ್ತದೆ. ಬತ್ತೀನಿ” ಎಂದು ಹೋದಳು.

ಅದಾದ ಮೇಲೂ ಕೆಲವು ವರ್ಷ ಕೆಲಸ ಮಾಡಿದೆ. ಅಳಿಲಿನ ಹಾಡು ಹೇಳಿಕೊಡುವುದನ್ನು ಬಿಟ್ಟೆ. ಮನೆಯಲ್ಲಿ ಒಬ್ಬಳೇ ಕೂತಾಗ ಎರಡನೇ ಚರಣವನ್ನು ಹಾಡಿ ಹಾಡಿ ನೋಡುತ್ತೇನೆ, ಒಂದು ಸ್ವರ ಮೇಲೆ, ಒಂದು ಸ್ವರ ಕೆಳಗೆ, ಎಲ್ಲಿ ತಪ್ಪಿದೆ ಎಂದು. ಸಿಕ್ಕಿಲ್ಲ. ಗಂಗಮ್ಮ ಹಟ್ಟಿಯಲ್ಲೇ ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳಂತೆ, ಸಂಜೆ ಸುತ್ತಲಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹಾಡಿಸುತ್ತಾಳಂತೆ. ಹುಳಿಯಾರಿಗೆ ಇಲ್ಲಿಂದ ಬೇಕಾದಷ್ಟು ಬಸ್ಸಿದೆ. ಹೋಗಿ ಕೇಳಿದರೆ ಈಗ ಹಾಡಿ ತೋರಿಸಿಯಾಳು. ಅದು ನನ್ನದಕ್ಕಿಂತ ಚೆನ್ನಾಗಿರುತ್ತದೆ. ಅದಕ್ಕೇ ಹೋಗಿಲ್ಲ.